ಹಾಡು ಕೇಳಿ ಮಕ್ಕಳು ಕೆಡುತ್ತಾರೆ, ಅಲ್ವಾ ಮಿಸ್?

ಹಾಸನದ ಸಾಲಗಾಮೆ ರಸ್ತೆಯಿಂದ ಒಳಕ್ಕೆ ಹೊರಳಿದರೆ ಸಿಗುವ ನನ್ನ ಮನೆಯ ಮುಂದಿನ ಕೋಣೆಯಲ್ಲಿ 26 ವರ್ಷಗಳಿಂದ ಸಂಗೀತದ ಪಾಠ ನಡೆಯುತ್ತಿದೆ. ಮಕ್ಕಳನ್ನು ಕರೆತಂದು ಬಿಡುವ ತಂದೆತಾಯಂದಿರು ಚಪ್ಪಲಿ ಬಿಡುವ ಜಾಗದಲ್ಲಿಯೇ ನಿಂತು, ಫೀಸಿನ ಮಾತು ಮುಗಿದ ಮೇಲೆ, ಒಂದು ಪ್ರಶ್ನೆ ಕೇಳುತ್ತಾರೆ. ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ಅರಕಲಗೂಡಿನ ಬಸ್ಸಿನಲ್ಲಿ ನನ್ನ ತೊಡೆಯ ಮೇಲಿದ್ದ ಶ್ರುತಿಪೆಟ್ಟಿಗೆಯನ್ನು ಕಂಡು ಗುರುತು ಪರಿಚಯವಿಲ್ಲದವರೂ ಕೇಳಿದ್ದುಂಟು. "ಈಗಿನ ಹಾಡುಗಳನ್ನ ಕೇಳಿ ಮಕ್ಕಳು ಕೆಟ್ಟುಹೋಗ್ತಿದಾರೆ, ಅಲ್ವಾ ಮಿಸ್?" ಎಂಬುದೇ ಆ ಪ್ರಶ್ನೆ. ಬಾಯಿಮಾತಿನಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿರುವುದರಿಂದ ಒಮ್ಮೆ ಬರೆದುಬಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುವ ಉದ್ದೇಶವಿದೆ.

ಮೊದಲಿಗೆ, ಅದು ಪ್ರಶ್ನೆಯೇ ಅಲ್ಲ. ತೀರ್ಪು ಬರೆದು ಮುಗಿಸಿ ಕೊನೆಯಲ್ಲಿ "ಅಲ್ವಾ" ಎಂದು ಸೇರಿಸಿದ ಮಾತ್ರಕ್ಕೆ ಅದು ಪ್ರಶ್ನೆಯಾಗುವುದಿಲ್ಲ. ಅವರಿಗೆ ಬೇಕಾದದ್ದು ನನ್ನ ಅಭಿಪ್ರಾಯವಲ್ಲ, ನನ್ನ ರುಜು. ಮನೆಗೆ ಹೋಗಿ ಮಗನ ಕಿವಿಯಿಂದ ಇಯರ್‌ಫೋನ್ ಕೀಳುವಾಗ "ಸಂಗೀತದ ಮಿಸ್ಸೇ ಹೇಳಿದಾರೆ" ಎನ್ನಲು ಒಂದು ಆಧಾರ. ನಾನು ಹೌದೆಂದರೆ ಸಂತೋಷಪಡುತ್ತಾರೆ. "ಯಾವ ಹಾಡು, ಅದರಲ್ಲಿ ಯಾವ ಸಾಲು?" ಎಂದು ಮರುಪ್ರಶ್ನೆ ಹಾಕಿದರೆ ಮುಖ ಸಣ್ಣದಾಗುತ್ತದೆ, ಏಕೆಂದರೆ ಅವರಲ್ಲಿ ಬಹುಪಾಲು ಮಂದಿ ಆ ಹಾಡನ್ನು ಪೂರ್ತಿಯಾಗಿ ಕೇಳಿಯೇ ಇರುವುದಿಲ್ಲ. ಕೇಳದ ಹಾಡಿನ ಮೇಲೆ ಇಷ್ಟೊಂದು ಸಿಟ್ಟು ಹೇಗೆ ಬರುತ್ತದೆ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ.

"ಈಗಿನ" ಎಂಬ ಮಾತಿಗೂ ನನ್ನ ತಕರಾರಿದೆ. ನಮ್ಮ ತಂದೆ ಹುಡುಗರಾಗಿದ್ದಾಗ, ಅರಕಲಗೂಡು ತಾಲ್ಲೂಕಿನ ನಮ್ಮ ಊರಿನಲ್ಲಿ, ಪಟೇಲರ ಮನೆಯೊಂದರಲ್ಲಿ ಮಾತ್ರ ರೇಡಿಯೊ ಇತ್ತಂತೆ. 1952ರಲ್ಲಿ ಬಿ.ವಿ. ಕೇಸ್ಕರ್ ಅವರು ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಮೇಲೆ ಚಿತ್ರಗೀತೆಗಳು ಜನರ ಅಭಿರುಚಿಯನ್ನು ಕೆಡಿಸುತ್ತವೆಂಬ ಕಾರಣಕ್ಕೆ ಆಕಾಶವಾಣಿಯಿಂದ ಬಹುಮಟ್ಟಿಗೆ ಮರೆಯಾದವು. ಜನ ಮುಳ್ಳನ್ನು ಸಿಲೋನ್ ರೇಡಿಯೊ ಕಡೆಗೆ ತಿರುಗಿಸಿ ಕೇಳಿದರು. ಕೇಳುಗರು ಹೋದ ದಾರಿಯಲ್ಲೇ ಸರ್ಕಾರವೂ ಬಂದು 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ನಮ್ಮ ಅಜ್ಜ ಪಟೇಲರ ಜಗಲಿಯಿಂದ ತಂದೆಯವರ ಕಿವಿ ಹಿಡಿದು ಎಳೆದುಕೊಂಡು ಬಂದದ್ದು ಯಾವ ಹಾಡುಗಳ ದೆಸೆಯಿಂದಲೋ, ಅದೇ ಹಾಡುಗಳನ್ನು ತಂದೆಯವರು ಎಪ್ಪತ್ತರ ವಯಸ್ಸಿನಲ್ಲಿ ಕಣ್ಣು ಮುಚ್ಚಿ ಕೇಳುತ್ತಾ, "ಆಗಿನ ಹಾಡಿನಲ್ಲಿ ಅರ್ಥವಿತ್ತು, ಈಗೇನಿದೆ?" ಎನ್ನುತ್ತಿದ್ದರು. ಅಷ್ಟೇ ಏಕೆ, ಗೋಳಿನ ಧಾಟಿಗಳನ್ನು ನಗರದಿಂದ ಹೊರಗಿಡಬೇಕೆಂದು ಗ್ರೀಸಿನ ತತ್ತ್ವಜ್ಞಾನಿ ಪ್ಲೇಟೋ ಬರೆದು 2,300 ವರ್ಷಗಳ ಮೇಲಾಯಿತು. ಪ್ರತಿಯೊಂದು ತಲೆಮಾರಿಗೂ ತನ್ನ ಯೌವನದ ಹಾಡು ಅಮೃತ, ಮಗನ ಯೌವನದ ಹಾಡು ವಿಷ.

ಕೆಡಿಸುವ ಹಾಡು ಇರುವುದಾದರೆ ಸರಿಪಡಿಸುವ ಹಾಡೂ ಇರಲೇಬೇಕೆಂಬ ಲೆಕ್ಕದಲ್ಲಿ ಬರುವ ಇನ್ನೊಂದು ಬಗೆಯ ಪ್ರಶ್ನೆಗಳೂ ಉಂಟು. ಯಾವ ರಾಗ ಕೇಳಿದರೆ ಬಿ.ಪಿ. ಇಳಿಯುತ್ತದೆ, ಯಾವ ರಾಗಕ್ಕೆ ಗಣಿತ ಬರುತ್ತದೆ, ಬಸುರಿ ಸೊಸೆಗೆ ಪಾಶ್ಚಾತ್ಯ ಸಂಗೀತದ ಮೊಸಾರ್ಟ್ ಕೇಳಿಸಬೇಕೇ ಅಥವಾ ತ್ಯಾಗರಾಜರೇ ಸಾಕೇ, ಎಂದೆಲ್ಲ ವಿಚಾರಿಸುತ್ತಾರೆ. ಒಂದು ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ಸಕಲೇಶಪುರದ ಕಡೆಯ ತೋಟದವರೊಬ್ಬರು ತಮ್ಮ ಕಾಫಿ ಗಿಡಗಳ ನಡುವೆ ಕುಳಿತು ಮಳೆ ತರಿಸುತ್ತದೆನ್ನುವ ಅಮೃತವರ್ಷಿಣಿ ರಾಗ ಹಾಡಲು ಸಾಧ್ಯವೇ ಎಂದು ನಿಜವಾಗಿಯೂ ಕೇಳಿದರು. ಸ್ಪ್ರಿಂಕ್ಲರ್ ಬಾಡಿಗೆಗೆ ತರುವುದು ನನ್ನನ್ನು ಕರೆಸುವುದಕ್ಕಿಂತ ಅಗ್ಗವೆಂದು ಹೇಳಿ ಕಳುಹಿಸಿದೆ. ಮೊಸಾರ್ಟನ ವಿಷಯಕ್ಕೆ ಬಂದರೆ, ಅವನನ್ನು ಕೇಳಿದರೆ ಬುದ್ಧಿ ಹೆಚ್ಚುತ್ತದೆಂಬ ಸುದ್ದಿ ಹುಟ್ಟಿದ್ದು 1993ರಲ್ಲಿ ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯದಲ್ಲಿ, 36 ಮಂದಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಸಣ್ಣ ಪರೀಕ್ಷೆಯಿಂದ. ಹತ್ತು ನಿಮಿಷ ಮೊಸಾರ್ಟನ ಒಂದು ಕೃತಿಯನ್ನು ಕೇಳಿದವರು ಕಾಗದ ಮಡಿಚುವ, ಆಕೃತಿ ಹೊಂದಿಸುವ ಬಗೆಯ ಲೆಕ್ಕಗಳನ್ನು ಸ್ವಲ್ಪ ಚೆನ್ನಾಗಿ ಮಾಡಿದರು; ಕಾಲು ಗಂಟೆಯೊಳಗೆ ಆ ಚುರುಕು ಇಳಿದುಹೋಯಿತು. ಅದರಲ್ಲಿ ಶಿಶುಗಳೂ ಇರಲಿಲ್ಲ, ಬಸುರಿಯರೂ ಇರಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಮಗುವಿಗೂ ಸರ್ಕಾರದ ಖರ್ಚಿನಲ್ಲಿ ಶಾಸ್ತ್ರೀಯ ಸಂಗೀತದ ಮುದ್ರಿಕೆ ಹಂಚಲು ಮುಂದಾದರು. ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹೋಗುವಷ್ಟರಲ್ಲಿ ಕಾಲು ಗಂಟೆಯ ಚುರುಕು ಆಯುಷ್ಯಪೂರ್ತಿಯ ಬುದ್ಧಿಯಾಗಿ ಬೆಳೆದಿತ್ತು.

ಸಂಗೀತ ಮನುಷ್ಯರನ್ನು ಒಳ್ಳೆಯವರನ್ನಾಗಿ ಮಾಡುವುದೆಂಬುದು ನಿಜವೇ ಆಗಿದ್ದರೆ ನಮ್ಮ ಅರಕಲಗೂಡಿನ ನ್ಯಾಯಾಲಯಕ್ಕೆ ಕೆಲಸವೇ ಇರಬಾರದಾಗಿತ್ತು. ಸಂಗೀತ ವಿದ್ವಾಂಸರಿಗೆ ಹೆಸರಾದ ರುದ್ರಪಟ್ಟಣ ನಮ್ಮ ತಾಲ್ಲೂಕಿನದು. ಆರ್.ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ ಊರು, ರುದ್ರಪಟ್ಟಣಂ ಸಹೋದರರ ಊರು, ಆರ್.ಕೆ. ಪದ್ಮನಾಭ ಅವರು ಕಾವೇರಿಯ ದಡದಲ್ಲಿ ತಂಬೂರಿಯ ಆಕಾರದ ಮಂದಿರವನ್ನೇ ಕಟ್ಟಿಸಿದ ಊರು. ಆ ಊರಿನ ಗಾಳಿ ಸೋಕಿದ ತಾಲ್ಲೂಕಿನಲ್ಲಿ ಬೆಳೆದ ನಾನು ಹೇಳುತ್ತೇನೆ, ಬದುವಿನ ಜಗಳಕ್ಕೆ ಕಲ್ಯಾಣಿ ರಾಗ ಅಡ್ಡ ಬಂದದ್ದನ್ನು ನಾನು ಕಂಡಿಲ್ಲ.

ಹಾಗೆಂದು ನಾನೇನು ಇಂಥ ನಂಬಿಕೆಗಳಿಂದ ಪಾರಾದವಳೆಂದು ಹೇಳಿಕೊಳ್ಳುವುದಿಲ್ಲ. ಬೆಳಗಿನ ಹೊತ್ತು ಆಹಿರಿ ರಾಗ ಹಾಡಿದವರಿಗೆ ಅಂದು ಅನ್ನ ಸಿಗುವುದಿಲ್ಲವೆಂಬ ಮಾತು ಸಂಗೀತದವರಲ್ಲಿ ಬಹಳ ಹಿಂದಿನಿಂದ ಇದೆ. ನನ್ನ ಗುರುಗಳು ಅದನ್ನು ಸಂಜೆಯಲ್ಲದೆ ಕಲಿಸಲಿಲ್ಲ, ನಾನೂ ಕಲಿಸುವುದಿಲ್ಲ. ನಂಬಿಕೆಯಿದೆಯೇ ಎಂದರೆ ಇಲ್ಲ. ಹಾಡುತ್ತೀರಾ ಎಂದರೆ ತಿಂಡಿಯಾಗಲಿ ನೋಡೋಣ ಎನ್ನುತ್ತೇನೆ.

ಈಗ ಅವರು ಕೇಳಿದ್ದಕ್ಕೆ ನೇರವಾದ ಉತ್ತರ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದುತ್ತಿರುವ ನನ್ನ ಅಣ್ಣನ ಮಗ, ನನ್ನ ಗೊಣಗಾಟ ತಡೆಯಲಾರದೆ, ಕೆಲವು ಸಂಶೋಧನೆಗಳನ್ನು ತಂದು ಕೂರಿಸಿ ವಿವರಿಸಿದ. 2003ರಲ್ಲಿ ಅಮೆರಿಕದ ಕ್ರೇಗ್ ಆ್ಯಂಡರ್ಸನ್ ಮತ್ತು ಸಂಗಡಿಗರು 500ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಮೇಲೆ ಐದು ಪ್ರಯೋಗ ನಡೆಸಿದರು. ಹೊಡಿ ಬಡಿ ಎಂಬಂಥ ಮಾತಿರುವ ಹಾಡನ್ನು ಕೆಲವರಿಗೆ, ಅಂಥ ಮಾತಿಲ್ಲದ ಹಾಡನ್ನು ಕೆಲವರಿಗೆ ಕೇಳಿಸಿ, ಬಳಿಕ ಅಕ್ಷರ ಬಿಟ್ಟ ಪದಗಳನ್ನು ತುಂಬಿಸಲು ಕೊಟ್ಟರು. ಮೊದಲ ಗುಂಪಿನವರು ಹೊಡೆತ ಬಡಿತದ ಪದಗಳನ್ನೇ ಹೆಚ್ಚಾಗಿ ತುಂಬಿದರು, ಅವರ ಮನಸ್ಸಿನಲ್ಲಿ ಕಹಿಯೂ ಹೆಚ್ಚಿತ್ತು. ಆದ್ದರಿಂದ ಹಾಡಿನ ಮಾತಿನಿಂದ ಏನೂ ಆಗುವುದಿಲ್ಲವೆಂದು ವಾದಿಸುವವರ ಪರವಾಗಿ ನಾನು ನಿಲ್ಲಲಾರೆ. ಆದರೆ ಆ ಪ್ರಯೋಗ ಅಳೆದದ್ದು ಹಾಡು ಮುಗಿದ ಸ್ವಲ್ಪ ಹೊತ್ತಿನ ಮನಃಸ್ಥಿತಿಯನ್ನು ಮಾತ್ರ. ಅದು ಬೇರೂರಿ ಉಳಿಯುತ್ತದೆಂದು ಅವರು ಸಾಧಿಸಲಿಲ್ಲ. 2009ರಲ್ಲಿ ಪ್ರಕಟವಾದ ಇಂಥದೇ ಪರೀಕ್ಷೆಗಳಲ್ಲಿ, ಒಬ್ಬರಿಗೊಬ್ಬರು ನೆರವಾಗುವ ಮಾತಿರುವ ಹಾಡು ಕೇಳಿದವರು ಆಮೇಲೆ ತುಸು ಹೆಚ್ಚು ನೆರವಾದರೆಂದೂ ಕಂಡುಬಂತು. ಅಂದರೆ ಹಾಡಿಗೆ ಎರಡೂ ಕಡೆ ಬಾಗಿಲು. ನಿಮ್ಮ ಮಗ ಅರ್ಧ ಗಂಟೆ ಸಿಡುಕಬಹುದು. ಸಿಡುಕಿಗೆ ಬೇರೆ ಕಾರಣಗಳೂ ಇರಬಹುದು. ಹದಿನಾಲ್ಕು ವರ್ಷದ ಹುಡುಗನಿಗೆ ಬೆಳಿಗ್ಗೆ ಐದಕ್ಕೆ ಟ್ಯೂಷನ್ ಹಾಕಿಸಿರುವುದೂ ಅವುಗಳಲ್ಲೊಂದು.

ಉತ್ತರ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಕೇಳುವವರು ಮಾತು ಮತ್ತು ಧಾಟಿಗಳನ್ನು ಒಂದೇ ಗಂಟಿಗೆ ಹಾಕಿ ಕಟ್ಟುತ್ತಾರೆ. ಅವೆರಡೂ ನಮ್ಮೊಳಗೆ ಹೋಗುವ ದಾರಿ ಬೇರೆ ಬೇರೆ. ಹಿಂದೂಸ್ತಾನಿ ರಾಗಗಳ ಪರಿಚಯವೇ ಇಲ್ಲದ ಕೆನಡಾದ ಕೇಳುಗರಿಗೆ 1999ರಲ್ಲಿ ಇಬ್ಬರು ಸಂಶೋಧಕರು ರಾಗಗಳನ್ನು ಕೇಳಿಸಿ, ಇದರಲ್ಲಿರುವ ಭಾವ ಯಾವುದು ಎಂದು ಕೇಳಿದರು. ಸಂತೋಷ, ದುಃಖ, ಕೋಪ ಇವು ಮೂರನ್ನೂ ಅವರು ಗುರುತಿಸಿದರು. ಶಾಂತಿಯನ್ನು ಮಾತ್ರ ಗುರುತಿಸಲಾಗಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ. ಗತಿ ಬಿರುಸಾದರೆ ಎದೆ ಕುಣಿಯುವುದೂ, ಗತಿ ಕುಗ್ಗಿ ಸ್ವರ ಜಾರಿದರೆ ಗಂಟಲು ಕಟ್ಟುವುದೂ ಭಾಷೆ ತಿಳಿಯದಿದ್ದರೂ ಆಗುತ್ತದೆ. ಶಾಂತಿ ಯಾವುದೆಂದು ತಿಳಿಯಲು ಮಾತ್ರ ಒಂದೇ ಊರಿನಲ್ಲಿ ಬಹಳ ವರ್ಷ ಬಾಳಿರಬೇಕೇನೋ.

ಎಂದರೆ ಧಾಟಿ ಮೊದಲು ಒಳಗೆ ಬಂದು ಕದ ತೆಗೆದುಬಿಡುತ್ತದೆ, ಮಾತು ಅದರ ಹಿಂದಿನಿಂದ ಬಂದು ಕುಳಿತುಕೊಳ್ಳುತ್ತದೆ. ಕುಳಿತದ್ದನ್ನು ಯಾರೆಂದು ವಿಚಾರಿಸುವ ಪದ್ಧತಿ ನಮ್ಮಲ್ಲಿಲ್ಲ. ಪ್ರಾಸವೊಂದೇ ಎಷ್ಟು ಕೆಲಸ ಮಾಡುತ್ತದೆಂದು ನೋಡಿ. 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದೇ ಅರ್ಥದ ನಾಣ್ಣುಡಿಯನ್ನು ಪ್ರಾಸವಿಟ್ಟು ಒಮ್ಮೆ, ಪ್ರಾಸ ಕೆಡಿಸಿ ಒಮ್ಮೆ ಬರೆದು ಜನರ ಮುಂದಿಟ್ಟಾಗ, ಪ್ರಾಸವಿದ್ದುದನ್ನೇ ಹೆಚ್ಚು ನಿಜವೆಂದು ಒಪ್ಪಿದರು. ಪ್ರಾಸದ ಕಾರಣಕ್ಕೆ ಒಪ್ಪಿದಿರಾ ಎಂದರೆ ಖಂಡಿತ ಇಲ್ಲವೆಂದರು. ನಾನು ಇದನ್ನು ಪಾಠದ ಕೋಣೆಯಲ್ಲೇ ಪರೀಕ್ಷಿಸಿದೆ. "ಕೈ ಕೆಸರಾದರೆ ಬಾಯಿ ಮೊಸರು" ಎಂದಾಗ ಮಕ್ಕಳನ್ನು ಬಿಡಲು ಬಂದ ತಾಯಂದಿರೆಲ್ಲ ತಲೆಯಾಡಿಸಿದರು. "ಕೈ ಕೊಳೆಯಾದವರಿಗೆ ಮೊಸರನ್ನ ಸಿಗುತ್ತದೆ" ಎಂದಾಗ, ಆಲೂರಿನ ಕಡೆಯವರೊಬ್ಬರು ತಟ್ಟನೆ, "ಎಲ್ಲಿ ಮಿಸ್, ನಮ್ ತೋಟದಲ್ಲಿ ಹಣ್ಣು ಕುಯ್ಯೋ ಹೆಂಗಸ್ರು ನೀರ್ ಮಜ್ಜಿಗೇಲೇ ಉಣ್ಣೋದು" ಎಂದರು. ಕೆಸರು ಮತ್ತು ಮೊಸರು ಬೇರೆಯಾದ ಮೇಲಷ್ಟೇ ಆಕೆಗೆ ತನ್ನ ತೋಟ ಕಂಡದ್ದು.

ಧಾಟಿಯಿದ್ದ ಮಾತ್ರಕ್ಕೆ ಮಾತು ಒಳಗೆ ಇಳಿದೇ ಇಳಿಯುತ್ತದೆಂದೂ ಅಲ್ಲ. ಕುಲದ ಜಂಬವನ್ನು ಅಣಕಿಸುವ ಕನಕದಾಸರ ಕೀರ್ತನೆಯನ್ನು ಒಂದು ದೊಡ್ಡ ಮನೆಯ ಪೂಜೆಯಲ್ಲಿ ಹಾಡಿದ್ದೆ. ಮನೆಯ ಯಜಮಾನರು ತೊಡೆ ತಟ್ಟಿ ತಾಳ ಹಾಕಿದರು, ಅವರ ಕಣ್ಣಂಚು ಒದ್ದೆಯಾದದ್ದನ್ನು ನಾನೇ ಕಂಡೆ. ಹಾಡು ಮುಗಿದ ಮೇಲೆ ನನಗೂ ಪಿಟೀಲಿನವರಿಗೂ ಬೆಳ್ಳಿ ಲೋಟದಲ್ಲಿ ಕಾಫಿ ಬಂತು, ಮೃದಂಗದ ಹುಡುಗನಿಗೆ ಕಾಗದದ ಲೋಟದಲ್ಲಿ ಬಂತು. ಅವನು ಏನೂ ಆಗದವನಂತೆ ಕುಡಿದು, ಲೋಟವನ್ನು ಮುದುರಿ ಜುಬ್ಬದ ಜೇಬಿಗೆ ಹಾಕಿಕೊಂಡ. ನಾನು ಬೆಳ್ಳಿ ಲೋಟದ ಕಾಫಿಯನ್ನು ಕುಡಿದೆ. ಅದನ್ನೂ ಇಲ್ಲಿ ಬರೆಯಬೇಕು.

ಇನ್ನೊಮ್ಮೆ ಮಕ್ಕಳಿಗೆ ಗೋವಿನ ಹಾಡು ಕಲಿಸುತ್ತಿದ್ದೆ. ಕನ್ನಡ ಬಲ್ಲ ಮನೆಗಳಲ್ಲಿ ಅದನ್ನು ಕೇಳಿ ಅಳದ ಮಗುವಿಲ್ಲ. ಕೊಟ್ಟ ಮಾತಿಗಾಗಿ ಪುಣ್ಯಕೋಟಿ ಹಿಂದಿರುಗಿ ಬರುವಲ್ಲಿಗೆ ನನ್ನ ತರಗತಿಯೂ ಮೂಗೆಳೆಯುತ್ತಿತ್ತು. ಹುಲಿ ಪ್ರಾಣ ಬಿಟ್ಟ ಮೇಲೆ, ಕಾಡಂಚಿನ ಊರಿನಿಂದ ಬರುತ್ತಿದ್ದ ಒಂಬತ್ತು ವರ್ಷದ ಹುಡುಗನೊಬ್ಬ ಕೈಯೆತ್ತಿ, "ಮಿಸ್, ಅದು ಉಪವಾಸ ಇತ್ತಲ್ವಾ? ಅದಕ್ಕೆ ಯಾರು ಊಟ ಕೊಡಬೇಕಿತ್ತು?" ಎಂದು ಕೇಳಿದ. ಉಳಿದ ಮಕ್ಕಳು ಅವನನ್ನು ಕಟುಕನನ್ನು ನೋಡುವಂತೆ ನೋಡಿದರು. ನನ್ನ 26 ವರ್ಷಗಳ ಪಾಠದಲ್ಲಿ ಧಾಟಿ ಹರಿಯುತ್ತಿರುವಾಗಲೇ ಮಾತನ್ನು ತಡೆದು ನಿಲ್ಲಿಸಿ ಲೆಕ್ಕ ಕೇಳಿದವನು ಅವನೊಬ್ಬನೇ. ಸ್ವರಜ್ಞಾನ ಅಷ್ಟಕ್ಕಷ್ಟೇ ಇದ್ದುದರಿಂದ ಮರುವರ್ಷ ಪಾಠ ಬಿಟ್ಟ.

ಆ ಹುಡುಗ ಕೇಳಿದಂಥ ಪ್ರಶ್ನೆಯನ್ನು ದೊಡ್ಡವರು ನನ್ನನ್ನು ಕೇಳಬೇಕೆಂದು ನಾನು ಕಾದಿದ್ದೇನೆ. "ಈಗಿನ ಹಾಡು" ಎಂದು ಬೆರಳನ್ನು ಬೀದಿಯ ಕಡೆಗೆ ತೋರಿಸುವವರು ಒಮ್ಮೆಯಾದರೂ ಅದನ್ನು ನನ್ನತ್ತ ತಿರುಗಿಸಿ, "ಮಿಸ್, ನೀವು ಹಾಡಿದ ಹಾಡನ್ನು ನಂಬಿ ಯಾರಿಗಾದರೂ ಕೇಡಾಗಿದೆಯೇ?" ಎಂದು ಕೇಳಬಹುದಾಗಿತ್ತು. ಯಾರೂ ಕೇಳಲಿಲ್ಲವಾದ್ದರಿಂದ ನಾನೇ ಕೇಳಿಕೊಂಡು ನಾನೇ ಹೇಳುತ್ತೇನೆ. ಆಗಿದೆ.

ನನ್ನಲ್ಲಿ ಒಂಬತ್ತು ವರ್ಷ ಕಲಿತ ಹುಡುಗಿಯ ಮದುವೆ ಚನ್ನರಾಯಪಟ್ಟಣದ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ನಾನೇ ಹಾಡಬೇಕೆಂದು ಅವಳ ತಾಯಿ ಮೊದಲೇ ಹೇಳಿದ್ದರು. ನಮ್ಮ ಅಜ್ಜಿಯಿಂದ ಕಲಿತ ಹೆಣ್ಣೊಪ್ಪಿಸುವ ಹಾಡೊಂದು ನನಗೆ ಬಾಯಿಪಾಠವಿತ್ತು. ಅಂಥ ಹಾಡುಗಳಲ್ಲಿ ಏನಿರುತ್ತದೆಂದು ಎಲ್ಲರಿಗೂ ಗೊತ್ತು. ಅತ್ತೆ ಮಾವಂದಿರಿಗೆ ಎದುರಾಡಬೇಡ, ಹಸಿವಾದರೂ ಹೇಳಿಕೊಳ್ಳಬೇಡ, ಆ ಮನೆಯ ಮಾತನ್ನು ತವರಿನ ಹೊಸ್ತಿಲು ದಾಟಿಸಬೇಡ, ಎಂಬ ಬೇಡಗಳ ಸಾಲು. ಅಜ್ಜಿ ಅದನ್ನು ಹಾಡುತ್ತಿದ್ದುದು ನಾಲ್ಕೈದು ಸ್ವರಗಳ ಬೋಳು ಧಾಟಿಯಲ್ಲಿ, ಮಡಿಲಕ್ಕಿ ಕಟ್ಟುತ್ತಲೋ ವೀಳ್ಯದೆಲೆ ಜೋಡಿಸುತ್ತಲೋ. ನಾನು ಅದಕ್ಕೆ ಶೋಕದ ರಾಗವಾದ ಮುಖಾರಿಯ ಛಾಯೆ ಕೊಟ್ಟಿದ್ದೆ, ಗತಿಯನ್ನು ಇಳಿಸಿದ್ದೆ, ಹಸಿವಿನ ಸಾಲಿನ ಕೊನೆಯ ಅಕ್ಷರವನ್ನು ಎಳೆದು ಒಂದು ಸಂಗತಿ, ಎಂದರೆ ಅದೇ ಸಾಲನ್ನು ಬೇರೆ ಬಗೆಯಲ್ಲಿ ತಿರುಗಿಸಿ ಹಾಡುವ ಬಳುಕು, ಹಾಕಿದ್ದೆ. ಸುಳ್ಳು ಹೇಳಬಾರದು, ಅದು ಬಹಳ ಚೆನ್ನಾದ ಸಂಗತಿ.

ಮಗಳ ಕೈಯನ್ನು ಬೀಗಿತ್ತಿಯ ಕೈಯಲ್ಲಿಟ್ಟು ತಂದೆ ತಲೆ ತಗ್ಗಿಸಿದ ಹೊತ್ತಿಗೆ ನಾನು ಆ ಸಾಲಿಗೆ ಬಂದಿದ್ದೆ. ಇಡೀ ಮಂಟಪ ಅಳುತ್ತಿತ್ತು. ವಾಲಗದವರು ಅಳುತ್ತಿದ್ದರು, ವೀಡಿಯೊದವನು ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಇನ್ನೊಂದರಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ಅಳದಿದ್ದವಳು ನಾನೊಬ್ಬಳೇ. ಮೈಕು ಕುಂಯ್ ಎನ್ನಲು ಆರಂಭಿಸಿತ್ತು. ಮೈಕ್‌ಸೆಟ್ಟಿನ ಹುಡುಗನಿಗೆ ಎಡಗೈಯಲ್ಲಿ ಸನ್ನೆ ಮಾಡುತ್ತಾ, ಮುಂದಿನ ಚರಣಕ್ಕೆ ಉಸಿರು ಎಲ್ಲಿ ತೆಗೆದುಕೊಳ್ಳುವುದೆಂದು ಲೆಕ್ಕ ಹಾಕುತ್ತಿದ್ದೆ. ಹಾಡುವವರು ಭಾವದಲ್ಲಿ ಕರಗಿಹೋಗುತ್ತಾರೆಂದು ತಿಳಿದವರು ಬೇಸರಪಡಬಾರದು. ಕರಗಿದರೆ ಶ್ರುತಿ ಬಿಡುತ್ತದೆ. ಅಳಿಸುವುದು ನನ್ನ ಕೆಲಸವಾಗಿತ್ತು, ಆ ಮಾತುಗಳ ಅರ್ಥದ ಕಡೆಗೆ ನನ್ನ ಗಮನವೇ ಇರಲಿಲ್ಲ. ತಾಂಬೂಲದ ಜೊತೆ ಒಂದು ಸೀರೆ ಕೊಟ್ಟರು, ನಾಲ್ಕು ಗಂಟೆಯ ಬಸ್ಸಿಗೆ ಹಾಸನಕ್ಕೆ ಬಂದೆ.

ಒಂದೂವರೆ ವರ್ಷದ ನಂತರ ಗೌರಿ ಹಬ್ಬಕ್ಕೆ ತವರಿಗೆ ಬಂದ ಹುಡುಗಿ ಬಾಗಿನ ಹಿಡಿದುಕೊಂಡು ನಮ್ಮ ಮನೆಗೂ ಬಂದಳು. ಇಳಿದುಹೋಗಿದ್ದಳು. ಏನಾದರೂ ಹಾಡೆಂದೆ, ಹಾಡಿದಳು, ಆದರೆ ಸಾಲಿನ ನಡುವೆ ಎರಡೆರಡು ಸಲ ಉಸಿರು ತೆಗೆದುಕೊಂಡಳು. ಅಭ್ಯಾಸ ಬಿಟ್ಟೆಯಾ ಎಂದು ಗದರಿದ್ದಕ್ಕೆ ನಗುತ್ತಾ ಹೇಳಿದಳು.

"ರಾತ್ರಿ ಊಟ ಹನ್ನೊಂದಾಗುತ್ತೆ ಮಿಸ್ ಅಲ್ಲಿ. ಎಲ್ಲರದ್ದೂ ಆದ್ಮೇಲೆ ನಂದು. ಒಂದೊಂದ್ ದಿನ ಸಾರು ಉಳಿದಿರಲ್ಲ."

"ಅಮ್ಮನಿಗೆ ಒಂದು ಮಾತು ಹೇಳಬಾರದಿತ್ತೇನೇ?"

"ಹೇಳೋಣ ಅಂತ ಫೋನ್ ತಗೊಂಡಾಗೆಲ್ಲ ನಿಮ್ ಹಾಡು ನೆನಪಾಗೋದು ಮಿಸ್. ಎಳೆದು ಹಾಡಿದ್ರಲ್ಲ, ಆ ಸಾಲು."

ಹೀಗೆಂದು ಆ ಸಾಲನ್ನು ಹಾಡಿಯೂ ತೋರಿಸಿದಳು. ನನ್ನ ಸಂಗತಿಯನ್ನೇ, ಗಮಕ ಎಳ್ಳಷ್ಟೂ ಆಚೀಚೆಯಾಗದಂತೆ ಹಾಡಿದಳು. ಆ ಕ್ಷಣದಲ್ಲಿ ನನಗೆ ಮೊದಲು ಬಂದ ಯೋಚನೆ "ಪರವಾಗಿಲ್ಲ, ಒಂದೇ ಸಲ ಕೇಳಿ ಹಿಡಿದಿದ್ದಾಳೆ" ಎಂಬುದು. ಎರಡನೆಯ ಯೋಚನೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಬೆಳಿಗ್ಗೆ ಆಹಿರಿ ಹಾಡಿದರೆ ಹಾಡಿದವರ ಅನ್ನ ಹೋಗುತ್ತದೆಂದು ಹೆದರಿ ನಾನು ಎಚ್ಚರದಿಂದಿದ್ದೆ. ಮುಖಾರಿಯ ಮೇಲೆ ಅಂಥ ಅಪವಾದವೇನೂ ಇರಲಿಲ್ಲ.

ಅಂದು ಸಂಜೆಯೇ ಅವಳ ತಾಯಿಯನ್ನು ಕರೆಸಿ ಮಾತಾಡಿದೆ, ಅವರು ಬೀಗರೊಂದಿಗೆ ಮಾತಾಡಿದರು. ಈಗ ಗಂಡ ಹೆಂಡತಿ ಬೆಂಗಳೂರಿನಲ್ಲಿ ಬೇರೆ ಮನೆ ಮಾಡಿದ್ದಾರೆ, ಅವಳು ಅಕ್ಕಪಕ್ಕದ ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುತ್ತಾಳೆ. ನಮ್ಮ ಯಜಮಾನರು ನನ್ನನ್ನು ಸಮಾಧಾನಪಡಿಸಿದರು. ಆ ಹಾಡನ್ನು ಬರೆದವಳು ನಾನಲ್ಲ, ಅವಳ ತಾಯಿಯೂ ಸೋದರತ್ತೆಯರೂ ಅದೇ ಬುದ್ಧಿಮಾತನ್ನು ಹೇಳಿಯೇ ಕಳುಹಿಸಿರುತ್ತಾರೆ, ಹಾಡಿಲ್ಲದಿದ್ದರೂ ಅವಳು ಬಾಯಿ ಬಿಡುತ್ತಿರಲಿಲ್ಲ, ಎಂದರು. ಇರಬಹುದು. ಹಾಡು ಹೊಸ ನಂಬಿಕೆಯನ್ನು ಹೊತ್ತು ತರುವುದು ಅಪರೂಪ, ಮನೆಯಲ್ಲಿ ಆಗಲೇ ಓಡಾಡಿಕೊಂಡಿರುವ ನಂಬಿಕೆಗೆ ಮಣೆ ಹಾಕಿ ಕೂರಿಸುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಒಂದು ವ್ಯತ್ಯಾಸವಿದೆ. ತಾಯಿ ಹೇಳಿದ್ದಕ್ಕೆ ಆ ಹುಡುಗಿ "ಸುಮ್ನಿರಮ್ಮ" ಎನ್ನಬಲ್ಲವಳಾಗಿದ್ದಳು. ನನ್ನೆದುರಿಗೇ ಎಷ್ಟೋ ಸಲ ಅಂದದ್ದಿದೆ. ಹಾಡಿಗೆ ಹಾಗೆ ಎದುರುತ್ತರ ಕೊಡಲು ಬರುವುದಿಲ್ಲ. ಅದು ಮುಗಿಯುವವರೆಗೂ ಸುಮ್ಮನೆ ಕುಳಿತಿರಬೇಕು, ಮುಗಿದ ಮೇಲೆ ಚೆನ್ನಾಗಿತ್ತು ಎನ್ನಬೇಕು.

ಈ ಎದುರುತ್ತರದ ವಿಷಯ ಯೋಚಿಸುತ್ತಿರುವಾಗಲೇ ನನಗೆ ಅಜ್ಜಿಯ ಕಾಲದ ಮದುವೆಗಳು ನೆನಪಿಗೆ ಬಂದದ್ದು. ಅಂದಿನ ಹೆಂಗಸರು ಹೆಣ್ಣೊಪ್ಪಿಸುವ ಹಾಡೊಂದನ್ನೇ ಹಾಡುತ್ತಿರಲಿಲ್ಲ. ಬೀಗರ ಊಟದ ಹೊತ್ತಿಗೆ ಅದೇ ಬಾಯಿಗಳು ಬೀಗರ ಹಾಡಿಗೆ ತೊಡಗುತ್ತಿದ್ದವು. ಬೀಗಿತ್ತಿಯ ಮೂಗು ಎಂಥದು, ಬೀಗರ ಹೊಟ್ಟೆ ಎಂಥದು, ಎಷ್ಟು ಹೋಳಿಗೆ ಇಳಿದರೂ ತುಂಬದ ಆ ಹೊಟ್ಟೆಗೆ ತಳವುಂಟೇ ಇಲ್ಲವೇ, ಎಂದೆಲ್ಲ ಗಂಡಿನ ಕಡೆಯವರ ಎದುರಿಗೇ ರಾಗವಾಗಿ ಜರೆಯುತ್ತಿದ್ದರು, ಅವರು ನಗುತ್ತಾ ಉಣ್ಣಬೇಕಾಗಿತ್ತು. ಎದುರಾಡಬೇಡವೆಂದು ಒಂದು ಹಾಡಿನಲ್ಲಿ ಹೇಳಿಸಿಕೊಂಡ ಮದುಮಗಳು, ತನ್ನ ಕಡೆಯ ಹೆಂಗಸರು ಎದುರಾಡುವುದನ್ನು ಇನ್ನೊಂದು ಹಾಡಿನಲ್ಲಿ ಅದೇ ದಿನ, ಅದೇ ಚಪ್ಪರದಲ್ಲಿ ಕೇಳುತ್ತಿದ್ದಳು. ಕಲ್ಯಾಣ ಮಂಟಪಕ್ಕೆ ಬಂದ ನಾವು ಅಳಿಸುವ ಹಾಡಿಗೆ ಮೈಕು ಕೊಟ್ಟು, ಜರೆಯುವ ಹಾಡನ್ನು ಹಳ್ಳಿಯಲ್ಲೇ ಬಿಟ್ಟುಬಂದೆವು. ಬಿಟ್ಟವರಲ್ಲಿ ನಾನೂ ಒಬ್ಬಳು. ಬೀಗರ ಹಾಡು ಶಾಸ್ತ್ರೀಯವಾಗಿ ಕಲಿತವರಿಗೆ ತಕ್ಕುದಲ್ಲವೆಂಬ ಹಮ್ಮು ನನಗಿತ್ತು.

ಕಳೆದ ವರ್ಷ ಹಾಸನದಲ್ಲೇ ಇನ್ನೊಂದು ಮದುವೆಗೆ ಕರೆ ಬಂತು. ಹೆಣ್ಣೊಪ್ಪಿಸುವ ಹಾಡು ಹಾಡುತ್ತೇನೆ, ಆದರೆ ಊಟದ ಹೊತ್ತಿಗೆ ಎರಡು ಬೀಗರ ಹಾಡನ್ನೂ ಹಾಡುತ್ತೇನೆ ಎಂದೆ. ಹೆಣ್ಣಿನ ತಂದೆ ಗಾಬರಿಯಾದರು. "ಬೇಡಿ ಮಿಸ್, ಗಂಡಿನ ಕಡೆಯವರು ಮನಸ್ಸಿಗೆ ಹಚ್ಚಿಕೊಂಡ್ರೆ ಕಷ್ಟ" ಎಂದರು.

"ಹಾಡು ತಾನೇ ಸರ್?" ಎಂದೆ.

"ಹಾಡೇ. ಆದ್ರೂ ಮಾತು ಮನಸ್ಸಲ್ಲಿ ಉಳಿದುಬಿಡುತ್ತಲ್ಲ ಮಿಸ್" ಎಂದರು.

ನನ್ನಿಂದ ಪಾಠ ಹೇಳಿಸಿಕೊಳ್ಳಬೇಕಾದ ಸ್ಥಿತಿಯಲ್ಲಿ ಅವರೇನೂ ಇರಲಿಲ್ಲ. ಹಾಡು ಏನು ಮಾಡಬಲ್ಲದೆಂಬುದು ಅವರಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. ಆದ್ದರಿಂದ ನಾನು ಬೇರೊಂದು ದಾರಿ ಹಿಡಿದೆ. ಪಲ್ಲವಿಯನ್ನು ಹಾಡಿ, ತವರಿನ ಹೊಳೆ ತೋಟಗಳ ಚರಣವನ್ನು ಹಾಡಿ, ಬೇಡಗಳಿರುವ ಎರಡು ಚರಣಗಳು ಬರಬೇಕಾದಲ್ಲಿ ಮಾತೇ ಇಲ್ಲದೆ ಬರಿಯ ‘ಆ’ಕಾರದಲ್ಲಿ ಮುಖಾರಿಯನ್ನು ಆಲಾಪಿಸಿದೆ. ಹಸಿವಿನ ಸಾಲಿನ ಸಂಗತಿಯನ್ನೂ ಬಿಡಲಿಲ್ಲ, ಅದರ ಅಕ್ಷರಗಳನ್ನು ಮಾತ್ರ ಬಿಟ್ಟೆ. ಜನ ಹಿಂದಿನಷ್ಟೇ ಅತ್ತರು.

ಹಾಡು ಮುಗಿಸಿ ನೀರು ಕುಡಿಯುತ್ತಿದ್ದಾಗ ಹೊಳೆನರಸೀಪುರದ ಕಡೆಯ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಎಷ್ಟ್ ಚೆನ್ನಾಗ್ ಹೇಳ್ದೆ ತಾಯಿ. ಅದ್ರಲ್ಲೂ ಹಸಿವಾದ್ರೂ ಹೇಳ್ಬೇಡ ಅನ್ನೋ ಆ ಸಾಲು ಇದ್ಯಲ್ಲ, ಹೊಟ್ಟೇಲಿ ಕಿವುಚಿದಂಗಾಯ್ತು" ಎಂದರು.